ಕುಡಿಯಲ್ಲ, ಮೀನು-ಮಾಂಸ ತಿನ್ನಲ್ಲ. ಜಪಾನಿನಲ್ಲಿ ನನಗೆ ಫ್ರೆಂಡ್ಸ್ ಸಿಗುತ್ತಾರಾ?

ಒಂದು ವರ್ಷದ ಎಕ್ಸ್‌ಚೇಂಜ್‌ಗೆ ಕ್ಯೋಟೋಗೆ ಹೊರಟಿದ್ದೀರಿ. ಹೋಮ್‌ಸ್ಟೇನಾ ಹಾಸ್ಟೆಲ್ಲಾ, ಜಪಾನಿನವರು ಹೊರಗಿನವರನ್ನು ಹತ್ತಿರ ಸೇರಿಸಲ್ಲವಂತೆ ನಿಜಾನಾ, ಕುಡಿಯದವರನ್ನು ಯಾರಾದರೂ ಹೊರಗೆ ಕರೀತಾರಾ ಅಂತ ಕೇಳಿದ್ದೀರಿ. 2018ರ ಸೆಪ್ಟೆಂಬರ್ ಕೊನೆಗೆ ಇವೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನೂ ಅದೇ ಊರಿಗೆ ಹೋಗಿದ್ದೆ. ಟೈಫೂನ್ ಬಂದು ಕನ್ಸಾಯ್ ಏರ್‌ಪೋರ್ಟಿಗೆ ಸಮುದ್ರದ ನೀರು ನುಗ್ಗಿ ಕೆಲವೇ ವಾರ ಆಗಿತ್ತು. ಅಮ್ಮ ಅದನ್ನು ಟಿವಿಯಲ್ಲಿ ನೋಡಿ ಬೇಡವೇ ಬೇಡ ಅಂದಿದ್ದರು.

ನನಗೆ ಸಿಕ್ಕಿದ್ದು ಹೋಮ್‌ಸ್ಟೇ. ಊರಿನ ಉತ್ತರಕ್ಕಿರುವ ಇವಾಕುರಾದಲ್ಲಿ, ವಯಸ್ಸಾದ ಗಂಡ-ಹೆಂಡತಿ ಇಬ್ಬರೇ ಇದ್ದ ಮನೆ. ಮಕ್ಕಳು ಟೋಕಿಯೋದಲ್ಲಿ. ಅವರನ್ನು ಒಕಾಸಾನ್, ಒತೋಸಾನ್ ಅಂತಲೇ ಕರೆಯುತ್ತಿದ್ದೆ, ಅಂದರೆ ಅಮ್ಮ, ಅಪ್ಪ.

ಮೊದಲ ವಾರವೇ ಒಕಾಸಾನ್ ಫ್ರಿಜ್ ಬಾಗಿಲ ಮೇಲಿನ ಕ್ಯಾಲೆಂಡರ್ ತೋರಿಸಿದರು. ಯಾವುದೋ ಅಕ್ಕಿ ಅಂಗಡಿಯವರು ಕೊಟ್ಟಿದ್ದು, ಮ್ಯಾಗ್ನೆಟ್ ಹಾಕಿ ನಿಲ್ಲಿಸಿದ್ದರು. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಮೋಟು ಪೆನ್ಸಿಲ್. ಪ್ರತಿ ದಿನದ ಚೌಕದಲ್ಲೂ ಮೂರು ಸಾಲು: ಅವರದು, ಒತೋಸಾನ್‌ದು, ನನ್ನದು. ರಾತ್ರಿ ಊಟಕ್ಕೆ ಮನೆಯಲ್ಲಿದ್ದರೆ ಸೊನ್ನೆ, ಇಲ್ಲದಿದ್ದರೆ ಇಂಟು ಮಾರ್ಕ್. ಬದಲಾಯಿಸುವುದಿದ್ದರೆ ಮಧ್ಯಾಹ್ನ ಮೂರರೊಳಗೆ ಲೈನ್ ಅನ್ನುವ ಚಾಟ್ ಆ್ಯಪ್‌ನಲ್ಲಿ ಮೆಸೇಜ್ ಹಾಕು ಅಂದರು. ಆಮೇಲೆ ಅವರು ಸಾಮಾನು ತರಲು ಹೋಗುತ್ತಾರೆ. ನನಗೆ ಒಳಗೊಳಗೇ ನಗು. ಇಬ್ಬರೇ ಇರುವ ಮನೆಯಲ್ಲಿ ಇಷ್ಟೊಂದು ಲೆಕ್ಕವಾ ಅಂತ. ಆದರೂ ಚಾಚೂ ತಪ್ಪದೆ ಗುರುತು ಹಾಕುತ್ತಿದ್ದೆ. ಹೊರಗೆ ಕಾಲೇಜಿನಲ್ಲೂ ಇದೇ ಲೆಕ್ಕ ನಡೆಯುತ್ತೆ ಅಂತ ಮಾತ್ರ ತಲೆಗೆ ಹೋಗಲಿಲ್ಲ.

ಅಲ್ಲಿ ಹುಡುಗ ಹುಡುಗಿಯರ ಓಡಾಟವೆಲ್ಲ ಹೆಚ್ಚಾಗಿ ಸರ್ಕಲ್‌ಗಳ ಮೂಲಕ. ಟೆನಿಸ್, ಫೋಟೋ, ಬೆಟ್ಟ ಹತ್ತುವುದು, ಎಲ್ಲಕ್ಕೂ ಒಂದೊಂದು ಗುಂಪು. ಅವರ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ, ಹೊಸಬರನ್ನು ಸೇರಿಸಿಕೊಳ್ಳುವ ಗದ್ದಲವೂ ಆಗಲೇ. ಸೆಪ್ಟೆಂಬರ್‌ನಲ್ಲಿ ಹೋಗುವ ನಮ್ಮಂಥವರು ನಡುವೆ ನುಗ್ಗಬೇಕು. ನನ್ನನ್ನು ಒಳಗೆ ಕರೆದುಕೊಂಡದ್ದು ನನ್ನ ಟ್ಯೂಟರ್ ಹುಡುಗಿ. ಎಕ್ಸ್‌ಚೇಂಜ್‌ಗೆ ಬಂದವರಿಗೆ ಕಾಲೇಜಿನವರು ಒಬ್ಬ ಸ್ಥಳೀಯ ವಿದ್ಯಾರ್ಥಿಯನ್ನು ಜೊತೆ ಮಾಡಿಕೊಡುತ್ತಾರೆ. ನನ್ನವಳು ಎರಡನೇ ವರ್ಷದವಳು. ಬಂದು ಹದಿನಾಲ್ಕು ದಿನದೊಳಗೆ ವಾರ್ಡ್ ಆಫೀಸಿನಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೂ ಅವಳೇ ಬಂದಳು. ಬ್ಯಾಂಕಿಗೂ ಅವಳೇ. ಆಮೇಲೆ ಬೆಟ್ಟ ಹತ್ತುವ ತನ್ನ ಸರ್ಕಲ್‌ಗೂ ಸೇರಿಸಿದಳು.

ನವೆಂಬರ್‌ನಲ್ಲಿ ಊರಿನ ಉತ್ತರದ ಬೆಟ್ಟಗಳಲ್ಲಿರುವ ಕುರಾಮಾ, ಕಿಬುನೆ ಕಡೆಗೆ ಹೋದೆವು. ದೇಮಾಚಿಯಾನಾಗಿಯಿಂದ ಪುಟ್ಟ ಏಝಾನ್ ರೈಲು. ಇಚಿಹಾರಾ ದಾಟಿದ ಮೇಲೆ ಮೇಪಲ್ ಮರಗಳ ನಡುವೆಯೇ ಹೋಗುತ್ತೆ, ಎಲೆಗಳು ಕಿಟಕಿಗೆ ತಾಗುವಷ್ಟು ಹತ್ತಿರ. ಬೆಟ್ಟದ ಮೇಲೆ ಮರದ ಬೇರುಗಳೆಲ್ಲ ನೆಲದ ಮೇಲೇ ಹೆಣೆದುಕೊಂಡ ಜಾಗ ಇದೆ, ಕಾಲಿಡಲು ಹುಡುಕಬೇಕು. ಕಿಬುನೆ ದೇವಸ್ಥಾನದಲ್ಲಿ ಖಾಲಿ ಚೀಟಿ ಕೊಂಡು ನೀರಿನ ಮೇಲೆ ಇಟ್ಟರೆ ಅಕ್ಷರ ಮೂಡಿ ಭವಿಷ್ಯ ಕಾಣುತ್ತೆ. ನನ್ನ ಚೀಟಿಯನ್ನು ಅವಳೇ ಓದಿ ಹೇಳಿದಳು. ಬರುವ ದಾರಿಯಲ್ಲಿ ಎಲ್ಲರೂ ನನ್ನ ಚಕ್ಕುಲಿ ಖಾಲಿ ಮಾಡಿದರು. ಹತ್ತಿರ ಸೇರಿಸಲ್ಲ ಅನ್ನುವ ಮಾತು ಅವತ್ತೇ ಸುಳ್ಳಾಗಿತ್ತು.

ಈಗ ನಾನು ಕೆಡಿಸಿದ್ದು ಹೇಗೆ ಅಂತ ಕೇಳಿ. ಇದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ. ಯಾಕಂದ್ರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಡಿಸೆಂಬರ್ ಬಂದರೆ ಅಲ್ಲಿ ಎಲ್ಲ ಗುಂಪುಗಳೂ ಬೋನೆನ್‌ಕಾಯ್ ಮಾಡುತ್ತವೆ, ವರ್ಷದ ಕೊನೆಯ ಪಾರ್ಟಿ. ನಮ್ಮದರ ಉಸ್ತುವಾರಿ ನನ್ನ ಟ್ಯೂಟರ್‌ಗೇ ಬಿತ್ತು. ಮೂರು ವಾರ ಮೊದಲೇ ಚೋಸೇ-ಸಾನ್ ಅನ್ನುವ ವೆಬ್‌ಸೈಟಿನ ಲಿಂಕ್ ಕಳಿಸಿದಳು. ತಾರೀಕುಗಳ ಮುಂದೆ ಪ್ರತಿಯೊಬ್ಬರೂ ಸೊನ್ನೆ, ತ್ರಿಕೋನ ಅಥವಾ ಇಂಟು ಹಾಕಬೇಕು. ಸೊನ್ನೆ ಅಂದರೆ ಬರ್ತೀನಿ. ತ್ರಿಕೋನ ಅಂದರೆ ಇನ್ನೂ ಗೊತ್ತಿಲ್ಲ. ನಾನು ಎಲ್ಲ ತಾರೀಕಿಗೂ ಸೊನ್ನೆ ಒತ್ತಿಬಿಟ್ಟೆ. ಉತ್ಸಾಹ ತೋರಿಸಿದ ಹಾಗಾಗುತ್ತೆ ಅಂತ. ನಮ್ಮ ಕಡೆ ‘ಬರ್ತೀನಿ ಬಿಡಿ’ ಅನ್ನುವುದು ಮರ್ಯಾದೆಯ ಮಾತು ತಾನೇ? ಹಾಸನದ ಕಲ್ಯಾಣ ಮಂಟಪದಲ್ಲಿ ಬರ್ತೀನಿ ಅಂದವರನ್ನೆಲ್ಲ ಯಾರಾದರೂ ಎಣಿಸುತ್ತಾರಾ? ನೂರು ಎಲೆ ಹೆಚ್ಚಿಗೆ ಬೀಳುತ್ತೆ, ಯಾರೋ ಬರಲ್ಲ, ಇನ್ಯಾರೋ ಬರುತ್ತಾರೆ, ಊಟ ಮುಗಿಯುತ್ತೆ.

ಅಲ್ಲಿ ಆ ಸೊನ್ನೆಗಳನ್ನು ಎಣಿಸುತ್ತಾರೆ. ಎಣಿಸಿ, ಅಷ್ಟೇ ಜನಕ್ಕೆ ಹೋಟೆಲ್‌ನಲ್ಲಿ ಊಟದ ಕೋರ್ಸ್ ಬುಕ್ ಮಾಡುತ್ತಾರೆ. ತಲೆಗೆ 4,000 ಯೆನ್, ಎರಡು ಗಂಟೆ, ಊಟ ಮತ್ತು ಬೇಕಾದಷ್ಟು ಕುಡಿಯುವುದು ಎಲ್ಲ ಸೇರಿ. ಆಗಿನ ಲೆಕ್ಕದಲ್ಲಿ ಸುಮಾರು ಎರಡೂವರೆ ಸಾವಿರ ರೂಪಾಯಿ. ಅದೇ ದಿನ ಬರಲ್ಲ ಅಂದರೆ ಹೋಟೆಲ್‌ನವರು ಪೂರ್ತಿ ದುಡ್ಡು ಕೇಳುತ್ತಾರೆ, ಅದನ್ನು ಬುಕ್ ಮಾಡಿದವರೇ ಕೊಡಬೇಕು. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ.

ಆ ಶುಕ್ರವಾರ ಸಂಜೆ ಐದರ ಹೊತ್ತಿಗೆ ಹಾಸ್ಟೆಲ್‌ನಲ್ಲಿದ್ದ ನಮ್ಮವರು ಫೋನ್ ಮಾಡಿದರು. ಇಬ್ಬರು ಪಿಎಚ್‌ಡಿ ಸೀನಿಯರ್ಸ್, ಒಬ್ಬರು ಧಾರವಾಡದವರು. “ಹಿಟ್ಟು ಹುದುಗು ಬಂದೈತಿ, ದೋಸಿ ಹಾಕಾಕತ್ತೀವಿ, ಬಾ” ಅಂದರು. ಕ್ಯೋಟೋದ ಡಿಸೆಂಬರ್ ಚಳಿಯಲ್ಲಿ ಹಿಟ್ಟು ಹುದುಗು ಬರುವುದು ಸಣ್ಣ ಮಾತಲ್ಲ, ಹೀಟರ್ ಮುಂದೆ ಪಾತ್ರೆಗೆ ಕಂಬಳಿ ಸುತ್ತಿ ಇಟ್ಟಿದ್ದರು. ಎರಡೂವರೆ ತಿಂಗಳಿಂದ ದೋಸೆಯ ಮುಖ ನೋಡಿರಲಿಲ್ಲ. ಟ್ಯೂಟರ್‌ಗೆ ‘ಸ್ವಲ್ಪ ಹುಷಾರಿಲ್ಲ, ಇವತ್ತು ಆಗಲ್ಲ, ಸಾರಿ’ ಅಂತ ಮೆಸೇಜ್ ಹಾಕಿ ದೋಸೆ ತಿನ್ನಲು ಹೋದೆ. ‘ಪರವಾಗಿಲ್ಲ, ಬೆಚ್ಚಗೆ ಮಲಗು’ ಅಂತ ಉತ್ತರ ಬಂತು. ಜೊತೆಗೆ ಕಂಬಳಿ ಹೊದ್ದ ಕರಡಿಯ ಸ್ಟಿಕರ್. ಮುಗೀತು ಅಂದುಕೊಂಡೆ.

ಆಮೇಲೆ ಏನೂ ಆಗಲಿಲ್ಲ. ಅದೇ ಸಮಸ್ಯೆ. ಯಾರೂ ಜಗಳ ಆಡಲಿಲ್ಲ, ಮುಖ ತಿರುಗಿಸಲಿಲ್ಲ. ಕಾರಿಡಾರ್‌ನಲ್ಲಿ ಸಿಕ್ಕರೆ ನಗು, ಟ್ಯೂಟರ್ ಫಾರ್ಮ್ ತುಂಬಿಕೊಡುತ್ತಿದ್ದಳು. ಲಿಂಕ್ ಮಾತ್ರ ಬರಲಿಲ್ಲ. ಜನವರಿಯಲ್ಲಿ ಹಿಮ ಬಿದ್ದಾಗ ಅವರೆಲ್ಲ ಹಿಏಝಾನ್ ಬೆಟ್ಟಕ್ಕೆ ಹೋದ ಫೋಟೋ ನೋಡಿದೆ. ನಾನೂ ನಿಮ್ಮ ಹಾಗೇ ತೀರ್ಮಾನ ಮಾಡಿದೆ: ಇವರು ಇಷ್ಟೇ, ಹೊರಗಿನವರನ್ನು ಸೇರಿಸಲ್ಲ. ಊರಿಗೆ ಫೋನ್ ಮಾಡಿದಾಗಲೂ ಹಾಗೇ ಹೇಳಿದೆ.

ಕಂಡುಹಿಡಿದದ್ದು ಒಕಾಸಾನ್. ಕ್ಯಾಲೆಂಡರ್‌ನಲ್ಲಿ ನನ್ನ ಸಾಲಿನಲ್ಲಿ ಶನಿವಾರ ಶನಿವಾರವೂ ಸೊನ್ನೆ. ಫೆಬ್ರವರಿಯ ಒಂದು ಸಂಜೆ ಕೊತಾತ್ಸು ಅನ್ನುವ, ಅಡಿಯಲ್ಲಿ ಹೀಟರ್ ಇರುವ ಗಿಡ್ಡ ಮೇಜಿನ ಕೆಳಗೆ ಕಾಲು ಚಾಚಿ ಕಿತ್ತಳೆ ಸುಲಿಯುತ್ತಾ, ಸ್ನೇಹಿತರು ಏನಾದರು ಅಂತ ಕೇಳಿದರು. ಹೇಳಿದೆ. ದೋಸೆಯದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. ಕೇಳಿದ್ದು ಒಂದೇ: “ನಿನ್ನ ಪಾಲಿನ ದುಡ್ಡು ಕೊಟ್ಟೆಯಾ?”

ಯಾವ ದುಡ್ಡು ಅಂದೆ.

ಆಗ ಎಲ್ಲ ಬಿಡಿಸಿ ಹೇಳಿದರು. ನೋಟನ್ನು ಹಾಗೇ ಕೈಗೆ ಕೊಡಬಾರದು ಅಂತ ಒಂದು ಕವರ್ ಕೊಟ್ಟರು. ಜೊತೆಗೆ ಸಿಹಿ ಡಬ್ಬಿ ತೆಗೆದುಕೊಂಡು ಹೋಗು ಅಂದರು. ಮಾರನೇ ದಿನವೇ ಹೋದೆ. ಅವಳು ಬೇಡ ಬೇಡ ಅಂದು ಆಮೇಲೆ ತೆಗೆದುಕೊಂಡಳು. ಆಗಲೇ ಇನ್ನೊಂದು ವಿಷಯ ಗೊತ್ತಾಗಿದ್ದು. ಪಾರ್ಟಿಗೆ ಮೊದಲು ಅವಳು ಆ ಹೋಟೆಲ್‌ಗೆ ಖುದ್ದಾಗಿ ಹೋಗಿ ಅಡುಗೆಯವರ ಹತ್ತಿರ ಮಾತಾಡಿ ಬಂದಿದ್ದಳಂತೆ. ಅಲ್ಲಿ ಸಾರಿನಿಂದ ಹಿಡಿದು ಎಲ್ಲಕ್ಕೂ ಬೊನಿಟೋ ಮೀನಿನ ದಾಶಿ, ಅಂದರೆ ಮೀನಿನಿಂದ ತೆಗೆದ ತಿಳಿಸಾರು, ಬೀಳುತ್ತೆ. ನನಗೋಸ್ಕರ ಕೊಂಬು ಅನ್ನುವ ಕಡಲಪಾಚಿಯ ಸಾರಿನಲ್ಲಿ ಬೇರೆಯಾಗಿ ತೋಫು, ತರಕಾರಿ ಬೇಯಿಸಲು ಒಪ್ಪಿಸಿದ್ದಳು. ಒಬ್ಬರಿಗೆ ಆಗುವಷ್ಟು ಸಣ್ಣ ಮಣ್ಣಿನ ಪಾತ್ರೆ, ಕೆಳಗೆ ಪುಟ್ಟ ಒಲೆ, ಖಾಲಿ ಸೀಟಿನ ಮುಂದೆ. ಕೊನೆಗೆ ಯಾರೋ ಮೂರನೇ ವರ್ಷದ ಹುಡುಗ ತಿಂದನಂತೆ. ಚೆನ್ನಾಗಿತ್ತಂತೆ.

ಗಂಟೆಗೆ 900 ಯೆನ್ ಆಸುಪಾಸಿಗೆ ಅಂಗಡಿಯಲ್ಲಿ ದುಡಿಯುತ್ತಿದ್ದ ಹುಡುಗಿ ಅವಳು. 4,000 ಯೆನ್ ಅಂದರೆ ಒಂದು ಸಂಜೆಯ ದುಡಿಮೆ. ಅದನ್ನು ಅವಳು ಬಾಯಿಬಿಟ್ಟು ಕೇಳಲಿಲ್ಲ, ಕೇಳುವುದೂ ಇಲ್ಲ. ಮುಂದಿನ ಸಲ ಸುಮ್ನೆ ನಿಮ್ಮನ್ನು ಬಿಟ್ಟು ಎಣಿಸುತ್ತಾರೆ, ಅಷ್ಟೇ. ಅವಳ ಜೊತೆ ಮೊದಲಿನ ಸಲಿಗೆ ಮತ್ತೆ ಬರಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮಾರ್ಚ್‌ಗೆ ಅವಳ ಟ್ಯೂಟರ್ ಕೆಲಸ ಮುಗಿಯಿತು. ಉಳಿದವರು ಮಾತ್ರ ಮತ್ತೆ ಲಿಂಕ್ ಕಳಿಸಲು ಶುರು ಮಾಡಿದರು.

ಹಾಗಾಗಿ ಜಪಾನಿನವರು ಹತ್ತಿರ ಬಿಟ್ಟುಕೊಳ್ಳಲ್ಲ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪಲ್ಲ. ಕರೆಯುತ್ತಾರೆ, ಮೂರು ವಾರ ಮೊದಲೇ ಕರೆಯುತ್ತಾರೆ. ಸಂಜೆ ಆರಕ್ಕೆ ಬಾಗಿಲು ತಟ್ಟಿ ‘ನಡಿ, ಕಾಫಿಗೆ ಹೋಗೋಣ’ ಅನ್ನುವವರು ಬೇಕಿದ್ದರೆ ಅದಕ್ಕೆ ಹಾಸ್ಟೆಲ್‌ನ ನಮ್ಮವರೇ ಸರಿ. ಅವರೂ ಬೇಕು, ತಪ್ಪೇನಿಲ್ಲ. ಕೋಬೆಗೆ ಹೋದರೆ ಹಳೆಯ ಭಾರತೀಯ ಕುಟುಂಬಗಳಿವೆ, ಕಿತಾನೋದಲ್ಲಿ ಜೈನ ಬಸದಿಯೇ ಇದೆ. ಆದರೆ ಒಂದು ಕಡೆ ಸೊನ್ನೆ ಒತ್ತಿದ್ದರೆ ದೋಸೆ ಬಿಟ್ಟು ಅಲ್ಲಿಗೇ ಹೋಗಿ. ಗ್ಯಾರಂಟಿ ಇಲ್ಲದಿದ್ದರೆ ತ್ರಿಕೋನ ಒತ್ತಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಕುಡಿಯುವ ವಿಷಯಕ್ಕೆ ನೀವು ಸುಮ್ನೆ ತಲೆ ಕೆಡಿಸಿಕೊಂಡಿದ್ದೀರಿ. ಅಲ್ಲಿ ಕುಡಿಯಲು 20 ತುಂಬಿರಬೇಕು. 2022ರಲ್ಲಿ ಪ್ರಾಪ್ತ ವಯಸ್ಸನ್ನು 18ಕ್ಕೆ ಇಳಿಸಿದರೂ ಇದನ್ನು ಇಳಿಸಲಿಲ್ಲ. ಹಾಗಾಗಿ ಕಾಲೇಜು ಪಾರ್ಟಿಯಲ್ಲಿ ಊಲಾಂಗ್ ಟೀ ಹಿಡಿದವರು ಯಾವಾಗಲೂ ಇರುತ್ತಾರೆ. ಎಲ್ಲರ ಕೈಗೂ ಗ್ಲಾಸ್ ಬಂದು ‘ಕನ್‌ಪಾಯ್’, ಅಂದರೆ ಚಿಯರ್ಸ್, ಅನ್ನುವ ತನಕ ಬಾಯಿಗಿಡಬೇಡಿ, ಅಷ್ಟು ಸಾಕು. ಪಾರ್ಟಿಯ ಎರಡು ಗಂಟೆ ಮುಗಿದ ಮೇಲೆ ಎಲ್ಲರೂ ರಸ್ತೆಯಲ್ಲಿ ಗುಂಪಾಗಿ ನಿಂತು ಮುಂದೆ ಎಲ್ಲಿಗೆ ಅಂತ ಯೋಚಿಸುತ್ತಾರೆ. ಮನೆಗೆ ಹೊರಡುವುದಿದ್ದರೆ ಅದೇ ಸಮಯ. ಕೊನೆ ರೈಲು ತಪ್ಪಿದರೆ ಟ್ಯಾಕ್ಸಿಯೇ ಗತಿ, ಆ ಮೀಟರ್ ನೋಡಿದರೆ ಜೀವ ಹೋಗುತ್ತೆ.

ಆ ಮಾರ್ಚ್ ಕೊನೆಗೆ ಐದು ಜನ ಹಿರೋಷಿಮಾ ಹತ್ತಿರದ ಮಿಯಾಜಿಮಾ ದ್ವೀಪಕ್ಕೆ ಹೋದೆವು. ಸೇಷುನ್ 18 ಅನ್ನುವ ರೈಲು ಟಿಕೆಟ್ ಆಗ 11,850 ಯೆನ್‌ಗೆ ಐದು ದಿನದ್ದು. ಐದು ಜನ ಒಂದೇ ದಿನ ಬಳಸಬಹುದಿತ್ತು, ತಲೆಗೆ 2,370. ಜೆಆರ್ ಅನ್ನುವ ರೈಲು ಕಂಪನಿಗಳ ನಿಧಾನದ ರೈಲುಗಳು ಮಾತ್ರ, ಹಿರೋಷಿಮಾ ಮುಟ್ಟುವಷ್ಟರಲ್ಲಿ ಬೆನ್ನು ಹಿಡಿದುಕೊಂಡಿತು. ಮಿಯಾಜಿಮಾದ ಜೆಆರ್ ದೋಣಿಗೂ ಅದೇ ಟಿಕೆಟ್ ನಡೆಯುತ್ತೆ. ಅವತ್ತು ಆಡಿದಷ್ಟು ಮಾತು ನಾನು ಅಲ್ಲಿ ಯಾವತ್ತೂ ಆಡಿಲ್ಲ. 2024ರ ಚಳಿಗಾಲದಿಂದ ನಿಯಮ ಬದಲಾಗಿದೆ, ಒಬ್ಬರೇ ಸತತವಾಗಿ ಮೂರು ಅಥವಾ ಐದು ದಿನ ಬಳಸಬೇಕು. ನಿಮಗೆ ಹಂಚಿಕೊಳ್ಳಲು ಆಗಲ್ಲ, ಬೇಜಾರಿನ ವಿಷಯ.

ಇನ್ನು ಹೋಮ್‌ಸ್ಟೇನಾ ಹಾಸ್ಟೆಲ್ಲಾ? ಹೋಮ್‌ಸ್ಟೇ, ಯೋಚನೆಯೇ ಬೇಡ. ಹಾಸ್ಟೆಲ್ ಅಗ್ಗ ಇರಬಹುದು, ರಾತ್ರಿ ಎಷ್ಟು ಹೊತ್ತಿಗಾದರೂ ಬರಬಹುದು. ಆದರೆ ನನ್ನ ತಪ್ಪು ನನಗೆ ತೋರಿಸುವವರು ಹಾಸ್ಟೆಲ್‌ನಲ್ಲಿ ಯಾರಿದ್ದರು? 2019ರ ಮೇ 1ಕ್ಕೆ ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದರು, ದೇಶಕ್ಕೆಲ್ಲ ಹತ್ತು ದಿನ ರಜೆ. ಟೋಕಿಯೋದಿಂದ ಮೊಮ್ಮಕ್ಕಳು ಬಂದು ಮನೆ ತುಂಬಿತ್ತು. ನಾನು ಚಿತ್ರಾನ್ನ ಕಲಸಿ ಒಕಾಸಾನ್‌ರ ಅನ್ನದ ಬಿಳಿ ಸೌಟನ್ನು ಹಳದಿ ಮಾಡಿದೆ, ಅದು ಎಷ್ಟು ಉಜ್ಜಿದರೂ ಹೋಗಲಿಲ್ಲ. ಮೊಮ್ಮಗ ಅದನ್ನು ತನ್ನದು ಅಂತ ಟೋಕಿಯೋಗೆ ತೆಗೆದುಕೊಂಡು ಹೋದ.

ಸ್ನಾನದ ತೊಟ್ಟಿಯ ನೀರು ಮನೆಯವರಿಗೆಲ್ಲ ಒಂದೇ, ಅದನ್ನು ನೆನಪಿಡಿ. ಹೊರಗೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡ ಮೇಲೆ ತೊಟ್ಟಿಗೆ ಇಳಿಯಬೇಕು. ಎದ್ದ ಮೇಲೆ ನೀರು ಬಿಟ್ಟುಬಿಡಬೇಡಿ, ಪಾಪ ಉಳಿದವರ ಸ್ನಾನ ಬಾಕಿ ಇರುತ್ತೆ.

ಹೋಮ್‌ಸ್ಟೇ ಫಾರ್ಮ್‌ನಲ್ಲಿ ಊಟದ ಬಗ್ಗೆ ಒಂದು ಕಾಲಂ ಇರುತ್ತೆ. ಅಲ್ಲಿ ಬರೀ ವೆಜಿಟೇರಿಯನ್ ಅಂತ ಬರೆದು ಬಿಡಬೇಡಿ. ಮಾಂಸ ಇಲ್ಲ ಅಂದರೆ ಹ್ಯಾಮ್ ನಡೆಯುತ್ತೆ ಅಂದುಕೊಳ್ಳುವವರೂ ಇದ್ದಾರೆ. ಮಾಂಸ, ಕೋಳಿ, ಹ್ಯಾಮ್, ಮೀನು, ಮೀನಿನ ದಾಶಿ ಅಂತ ಒಂದೊಂದನ್ನೂ ಬಿಡಿಸಿ ಬರೆಯಿರಿ. ಮೊಟ್ಟೆ, ಹಾಲು ನಡೆಯುತ್ತಾ ಇಲ್ವಾ ಅದನ್ನೂ ಹೇಳಿ. ಈರುಳ್ಳಿ-ಬೆಳ್ಳುಳ್ಳಿ ತಿನ್ನದಿದ್ದರೆ ಅದೂ ಇರಲಿ. ನಿಮಗೆ ಹೊಂದುವ ಮನೆ ಹುಡುಕಲು ಅವರಿಗೆ ಸಮಯ ಬೇಕು, ಬೇಗ ಕಳಿಸಿಬಿಡಿ.