ಬೈಕ್ ಪ್ರಶ್ನೋತ್ತರ: ಸುಡುವುದೆಲ್ಲ ಕೆಟ್ಟಿದೆಯೇ?

ಬಿಸಿಲು ಏರುತ್ತಿದ್ದಂತೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಬರುವ ಕಾಗದಗಳಲ್ಲೆಲ್ಲ ಬಿಸಿಯದೇ ಮಾತು. ಈ ಸಲ ಐದಕ್ಕೆ ಉತ್ತರ.

ಪ್ರಶ್ನೆ: 2015ರ ಬೈಕ್. ಎರಡು ತಿಂಗಳಲ್ಲಿ ಎರಡು ಸಲ ಬ್ಯಾಟರಿ ಕೂತಿತು. ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ರೆಗ್ಯುಲೇಟರ್ ಮುಟ್ಟಿದರೆ ಸುಡುತ್ತದೆ, ಟೆಂಪರೇಚರ್ ಗನ್ (ದೂರದಿಂದಲೇ ಬಿಸಿ ಅಳೆಯುವ ಸಾಧನ) ಹಿಡಿದರೆ 80 ಡಿಗ್ರಿ. ಗ್ಯಾರೇಜಿನಲ್ಲಿ ಹೊಸದು ಹಾಕಿದರು, ಅದೂ ಅಷ್ಟೇ ಬಿಸಿ. ಕಳಪೆ ಮಾಲು ಇರಬಹುದೇ? — ಚಿಂತಾಮಣಿಯ ಓದುಗರು

ಉತ್ತರ: ಮಾಲಿನ ಮೇಲೆ ಅನುಮಾನ ಪಡುವ ಮೊದಲು ಬೇರೆ ಕಡೆ ನೋಡಿ. ಹೆಚ್ಚಿನ ಬೈಕುಗಳ ರೆಗ್ಯುಲೇಟರ್, ಮ್ಯಾಗ್ನೆಟ್ ಕಾಯಿಲ್ ಹುಟ್ಟಿಸುವ ಹೆಚ್ಚುವರಿ ಕರೆಂಟನ್ನು ಬ್ಯಾಟರಿಗೆ ಬಿಡದೆ ಶಾರ್ಟ್ ಮಾಡಿ ಕಾಯಿಲ್‌ಗೇ ವಾಪಸ್ ಕಳಿಸುತ್ತದೆ. ಬಿಸಿಯಾಗುವುದು ಅದರ ಕೆಲಸದ ಭಾಗವೇ. ಮೈಮೇಲೆ ಅಲ್ಯೂಮಿನಿಯಂ ರೆಕ್ಕೆ ಇರುವುದೂ ಅದಕ್ಕೇ. ಹೆಡ್‌ಲೈಟ್ ಆರಿಸಿ ಓಡಿಸಿದರೆ ಇನ್ನೂ ಬಿಸಿಯಾಗುತ್ತದೆ, ಯಾಕೆಂದರೆ ಖರ್ಚಾಗದೆ ಉಳಿದ ಕರೆಂಟನ್ನೆಲ್ಲ ಅದೇ ಅರಗಿಸಿಕೊಳ್ಳಬೇಕು. ಅರ್ಧ ಗಂಟೆ ಓಡಿಸಿದ ಮೇಲೆ 80 ಡಿಗ್ರಿ ಎಂದರೆ ಗಾಬರಿ ಬೇಡ.

ಮೊದಲು ಬ್ಯಾಟರಿ ಟರ್ಮಿನಲ್ಲಿಗೆ ಮೀಟರ್ ಹಿಡಿದು 4000ದಿಂದ 5000 ಆರ್‌ಪಿಎಂಗೆ ಏರಿಸಿ. 13.5ರಿಂದ 14.8 ವೋಲ್ಟ್ ನಡುವೆ ನಿಂತರೆ ಚಾರ್ಜಿಂಗ್ ಸರಿಯಿದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. 13ಕ್ಕಿಂತ ಕೆಳಗೇ ಉಳಿದರೆ, ನಿಮ್ಮದು ಅದೇ ಇರಬೇಕು, ಕಾಯಿಲಿನಿಂದ ರೆಗ್ಯುಲೇಟರಿಗೆ ಬರುವ ಮೂರು ವೈರಿನ ಕಪ್ಲರ್ (ವೈರುಗಳನ್ನು ಸೇರಿಸುವ ಪ್ಲಾಸ್ಟಿಕ್ ಜೋಡಣೆ) ಬಿಚ್ಚಿ ನೋಡಿ. ಹೆಚ್ಚಾಗಿ ಮೂರೂ ಹಳದಿ ವೈರೇ ಇರುತ್ತವೆ. ಬಿಳಿ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಮಾತ್ರ ಚಹಾ ಬಣ್ಣಕ್ಕೆ ತಿರುಗಿದ್ದರೆ, ಆ ಪಿನ್ನಿನ ಹಿಂದಿನ ಹಳದಿ ಹೊದಿಕೆ ಗಟ್ಟಿಯಾಗಿ ಬಗ್ಗಿಸಿದಾಗ ಬಿರುಕು ಬಿಟ್ಟರೆ, ಕಳ್ಳ ಸಿಕ್ಕ.

ಪಿನ್ ಸಡಿಲವಾಗಿಯೋ ತುಕ್ಕು ಹಿಡಿದೋ 0.2 ಓಮ್ ತಡೆ ಹುಟ್ಟಿತು ಎನ್ನಿ. 10 ಆಂಪಿಯರ್ ಹರಿದರೆ ಆ ಒಂದೇ ಪಿನ್ನಿನಲ್ಲಿ 20 ವ್ಯಾಟ್ ಶಾಖ. ರೇಡಿಯೋ ರಿಪೇರಿಯ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಬಿಸಿಯಾದಷ್ಟೂ ಪಿನ್ ಹಿಡಿತ ಬಿಡುತ್ತದೆ, ಹಿಡಿತ ಬಿಟ್ಟಷ್ಟೂ ಬಿಸಿ ಏರುತ್ತದೆ. ಮೀಟರನ್ನು ಎಸಿ ವೋಲ್ಟಿಗಿಟ್ಟು, ಎಂಜಿನ್ ಓಡುತ್ತಿರುವಾಗ ಒಂದೇ ವೈರಿನ ಕಪ್ಲರ್ ಆಚೆ-ಈಚೆ ಹಿಂದಿನಿಂದ ಸೂಜಿ ತೂರಿಸಿ ಅಳೆಯಿರಿ. 0.1 ವೋಲ್ಟ್ ಒಳಗಿದ್ದರೆ ಚೆನ್ನ, 0.5 ತೋರಿಸಿದರೆ ಆ ಪಿನ್ ಮುಗಿದಿದೆ. ಮೀಟರ್ ಇಲ್ಲದಿದ್ದರೆ ಎಂಜಿನ್ ಆರಿಸಿ ಕೂಡಲೇ ವೈರನ್ನು ಬೆರಳಲ್ಲಿ ಸವರುತ್ತ ಹೋಗಿ. ಕಪ್ಲರ್ ಹತ್ತಿರ ಸುಟ್ಟು ಒಂದು ಗೇಣು ಆಚೆ ತಣ್ಣಗಿದ್ದರೆ ತಪ್ಪು ಜಾಯಿಂಟಿನದು.

ಸರಿಪಡಿಸುವಾಗ ಸುಟ್ಟ ಭಾಗವನ್ನು ತಾಮ್ರ ಫಳಫಳ ಹೊಳೆಯುವವರೆಗೆ ಕತ್ತರಿಸಿ ತೆಗೆಯಿರಿ. ಕಪ್ಪಾದ ತಾಮ್ರಕ್ಕೆ ಲಗ್ (ವೈರ್ ತುದಿಗೆ ಹಾಕುವ ಲೋಹದ ಹಿಡಿಕೆ) ಒತ್ತಿದರೂ ಹಿಡಿಯದು, ಬೆಸುಗೆಯೂ ಕೂರದು. ವೈರ್ ಸಾಲದಿದ್ದರೆ ಅದೇ ದಪ್ಪದ್ದು ಸೇರಿಸಿ, ಹೊಸ ಕಪ್ಲರ್ ಹಾಕಿ. ಹೊಸೆದು ಟೇಪ್ ಸುತ್ತುವುದು ಮಾತ್ರ ಬೇಡ, ಮುಂದಿನ ಬೇಸಿಗೆಗೆ ಇದೇ ಪ್ರಶ್ನೆ ಬರೆಯುತ್ತೀರಿ. ಹಾಗೇ ಕಪ್ಲರ್ ಬಿಚ್ಚಿದಾಗಲೇ ಕಾಯಿಲ್ ಕಡೆಯ ಮೂರು ವೈರನ್ನು ಎರಡೆರಡಾಗಿ ಅಳೆಯಿರಿ: ಮೂರೂ ಜೋಡಿ ಒಂದೇ ಓಮ್ ತೋರಿಸಬೇಕು, ಎಂಜಿನ್ನಿನ ಮೈಗೆ ಯಾವುದೂ ತಾಗಿರಬಾರದು.

ಪ್ರಶ್ನೆ: ಟೆಂಪರೇಚರ್ ಗನ್ ತಂದಿದ್ದೇನೆ. ಕ್ರೋಮ್ ಸೈಲೆನ್ಸರಿಗೆ ಹಿಡಿದರೆ 60 ಡಿಗ್ರಿ ಎನ್ನುತ್ತದೆ, ಅದೇ ಜಾಗಕ್ಕೆ ನೀರು ಚಿಮುಕಿಸಿದರೆ ಚುಂಯ್ ಎನ್ನುತ್ತದೆ. ಯಾವುದನ್ನು ನಂಬಲಿ? — ಶಿಡ್ಲಘಟ್ಟದ ಓದುಗರು

ಉತ್ತರ: ನೀರನ್ನು ನಂಬಿ. ಚುಂಯ್ ಎಂದಿತೆಂದರೆ 100 ಡಿಗ್ರಿ ದಾಟಿದೆ. ಗನ್ ಓದುವುದು ವಸ್ತು ಹೊರಸೂಸುವ ಶಾಖದ ಕಿರಣವನ್ನು. ಹೊಳೆಯುವ ಲೋಹ ಅದನ್ನು ಬಹಳ ಕಡಿಮೆ ಸೂಸುತ್ತದೆ, ಬದಲಿಗೆ ಕನ್ನಡಿಯಂತೆ ಸುತ್ತಲಿನದನ್ನು ತೋರಿಸುತ್ತದೆ. ಚಕ್ರದ ನಡುವಿನ ಹಬ್, ರೆಗ್ಯುಲೇಟರಿನಂಥ ಕಡೆ ಒಂದು ಚೂರು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಅದಕ್ಕೆ ಗುರಿಯಿಡಿ. ಸೈಲೆನ್ಸರಿಗೆ ಟೇಪ್ ಕರಗಿ ಮೆತ್ತಿಕೊಳ್ಳುತ್ತದೆ, ಅಲ್ಲಿ ಶಾಖ ತಡೆಯುವ ಮ್ಯಾಟ್ ಕಪ್ಪು ಪೇಂಟಿನ ಒಂದು ಬೊಟ್ಟು ಸಾಕು. ಕಪ್ಪು ಬಣ್ಣದ ಎಂಜಿನ್ನಿಗೆ ಏನೂ ಬೇಕಿಲ್ಲ.

ಇನ್ನೊಂದು, ಗನ್ ಮೇಲೆ 12:1 ಎಂದಿದ್ದರೆ 12 ಸೆಂ.ಮೀ. ದೂರದಿಂದ ಅದು 1 ಸೆಂ.ಮೀ. ಅಗಲದ ಜಾಗದ ಸರಾಸರಿ ಹೇಳುತ್ತದೆ. ಮಾರು ದೂರ ನಿಂತು ಸ್ಪಾರ್ಕ್ ಪ್ಲಗ್ಗಿಗೆ ಹಿಡಿದರೆ ಅರ್ಧ ಎಂಜಿನ್ ಸೇರಿಕೊಳ್ಳುತ್ತದೆ. ಕೆಂಪು ಚುಕ್ಕೆ ಬಿದ್ದ ಜಾಗವೇ ಅಳೆಯುವ ಜಾಗ ಎಂದೂ ತಿಳಿಯಬೇಡಿ. ತೀರಾ ಹತ್ತಿರದಲ್ಲಿ ಚುಕ್ಕೆ ಸ್ವಲ್ಪ ಪಕ್ಕಕ್ಕೆ ಬೀಳುತ್ತದೆ. ಒಂಟಿ ಅಂಕಿಗಿಂತ ಹೋಲಿಕೆಯೇ ಕೆಲಸಕ್ಕೆ ಬರುವುದು: ಅದೇ ರಸ್ತೆ, ಅಷ್ಟೇ ದೂರ, ಆಮೇಲೆ ಮುಂದಿನ ಹಬ್ ಎಷ್ಟು, ಹಿಂದಿನದೆಷ್ಟು.

ಪ್ರಶ್ನೆ: ದಿನಾ ಬೆಳಗ್ಗೆ ಟೊಮ್ಯಾಟೊ ಕ್ರೇಟ್ ಕಟ್ಟಿಕೊಂಡು ಕೋಲಾರದ ಎಪಿಎಂಸಿಗೆ ಹೋಗುತ್ತೇನೆ. ಹಿಂದಿನ ಚಕ್ರದ ಹಬ್ ಕೈ ಇಡಲಾಗದಷ್ಟು ಬಿಸಿ, ಮೈಲೇಜೂ ಬಿದ್ದಿದೆ. ಡ್ರಮ್ ಬ್ರೇಕ್. — ಕೋಲಾರ ತಾಲ್ಲೂಕಿನ ರೈತರು

ಉತ್ತರ: ಐದು ಕಿಲೋಮೀಟರ್ ಹಿಂದಿನ ಬ್ರೇಕ್ ಮುಟ್ಟದೆ ಓಡಿಸಿ, ಮುಂದಿನದರಿಂದಲೇ ನಿಧಾನಕ್ಕೆ ನಿಲ್ಲಿಸಿ, ಕೂಡಲೇ ಹಬ್ ಮುಟ್ಟಿ. ಬ್ರೇಕ್ ಒತ್ತದಿದ್ದರೂ ಡ್ರಮ್ ಪೂರ್ತಿ ಬಿಸಿಯಿದ್ದರೆ ಶೂ ಒಳಗೆ ಉಜ್ಜುತ್ತಿದೆ. ಆಕ್ಸಲ್ ಸುತ್ತ ಮಾತ್ರ ಬಿಸಿಯಿದ್ದರೆ ಬೇರಿಂಗ್.

ಶೂ ಆದರೆ ಬ್ರೇಕ್ ಪೆಡಲ್ ತುದಿಯಲ್ಲಿ 20ರಿಂದ 30 ಮಿ.ಮೀ. ಆಟ (ಬ್ರೇಕ್ ಹಿಡಿಯುವ ಮೊದಲಿನ ಸಡಿಲು) ಇರಲಿ. ರಾಡಿನ ನಟ್ಟನ್ನು ತಿರುಗಿಸಿ ಬಿಗಿ ಮಾಡುತ್ತಲೇ ಹೋಗುವುದು ಎಲ್ಲರ ಅಭ್ಯಾಸ. ಆಟ ಸರಿಯಿದ್ದೂ ಚಕ್ರ ಸಲೀಸಾಗಿ ತಿರುಗದಿದ್ದರೆ ಶೂ ಅಗಲಿಸುವ ಬ್ರೇಕ್ ಕ್ಯಾಮ್ ಕೆಮ್ಮಣ್ಣು ತಿಂದು ಹಿಂದಕ್ಕೆ ಮರಳುತ್ತಿಲ್ಲ. ಬಿಚ್ಚಿ, ಒರೆಸಿ, ಕ್ಯಾಮಿಗೆ ಬಟಾಣಿಯಷ್ಟು ಗ್ರೀಸ್ ಸವರಿ. ಹೆಚ್ಚು ಹಾಕಿದರೆ ಶಾಖಕ್ಕೆ ಕರಗಿ ಶೂಗೆ ಹತ್ತಿ ಬ್ರೇಕೇ ಹಿಡಿಯದು.

ನಿಮ್ಮ ವಿಷಯದಲ್ಲಿ ಚೈನಿನ ಮೇಲೂ ಅನುಮಾನವಿದೆ. ಖಾಲಿ ಗಾಡಿಯಲ್ಲಿ ಸರಿಯೆನಿಸುವ ಚೈನ್, ಕ್ರೇಟ್ ಹೇರಿದಾಗ ಬಿಗಿಯುತ್ತದೆ. ಭಾರಕ್ಕೆ ಗಾಡಿ ಕುಗ್ಗಿದಾಗ ಮುಂದಿನ ಸ್ಪ್ರಾಕೆಟ್ (ಚೈನಿನ ಹಲ್ಲಿನ ಚಕ್ರ), ಹಿಂಚಕ್ರ ಹಿಡಿದ ಸ್ವಿಂಗ್ ಆರ್ಮಿನ ಬೋಲ್ಟ್, ಹಿಂದಿನ ಆಕ್ಸಲ್ ಒಂದೇ ಗೆರೆಗೆ ಬರುತ್ತವಲ್ಲ, ಚೈನ್ ಅತಿ ಬಿಗಿಯಾಗುವುದು ಆ ಹೊತ್ತಿಗೆ. ಬೇರಿಂಗಿನ ಮೇಲೆ ಬೀಳುವ ಎಳೆತವೂ ಆಗಲೇ. ಭಾರ ಹೇರಿ ನೀವೂ ಕೂತು, ಇನ್ನೊಬ್ಬರ ಕೈಲಿ ಚೈನಿನ ಕೆಳಭಾಗ ಎತ್ತಿಸಿ ನೋಡಿ. ಆಗಲೂ ಸ್ವಲ್ಪ ಜೋಲಬೇಕು.

ಪ್ರಶ್ನೆ: ನಂದಿ ಬೆಟ್ಟ ಇಳಿಯುವಾಗ ಮುಂದಿನ ಡಿಸ್ಕ್ ಬ್ರೇಕಿನ ಲಿವರ್ ಹ್ಯಾಂಡಲ್ ತನಕ ಬಂತು, ಹಿಡಿತವೇ ಇಲ್ಲ. ಅರ್ಧ ಗಂಟೆ ನಿಂತ ಮೇಲೆ ಸರಿಹೋಯಿತು. — ದೊಡ್ಡಬಳ್ಳಾಪುರ ರಸ್ತೆಯ ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಬ್ರೇಕ್ ಆಯಿಲ್ ಕುದಿದಿದೆ. ತಾನಾಗಿ ಸರಿಹೋಯಿತೆಂದು ಸುಮ್ಮನಿರಬೇಡಿ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿಗೆ, ಆದರೆ ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155ರ ತನಕ ಇಳಿಯಬಹುದು. ಕುದಿದಾಗ ಏಳುವ ಗುಳ್ಳೆಯನ್ನು ಲಿವರ್ ಅದುಮುತ್ತದೆ, ಪ್ಯಾಡಿಗೆ ಒತ್ತಡ ತಲುಪುವುದಿಲ್ಲ. ಪೂರ್ತಿ ಹಳೆಯದನ್ನು ತೆಗೆಸಿ ಹೊಸದು ತುಂಬಿಸಿ, ಎರಡು ವರ್ಷಕ್ಕೊಮ್ಮೆ ಇದು ಆಗಲೇಬೇಕು. ಜೊತೆಗೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಪಿಸ್ಟನ್ ಸಿಕ್ಕಿಕೊಂಡಿದೆಯೇ ನೋಡಿ: ಮುಂಚಕ್ರ ಎತ್ತಿ ಬ್ರೇಕ್ ಒತ್ತಿ ಬಿಡಿ, ಕೈಯಲ್ಲಿ ಸಲೀಸಾಗಿ ತಿರುಗಬೇಕು. ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನಿಗೇ ತಡೆಯಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ.

ಪ್ರಶ್ನೆ: ಹೆಡ್‌ಲೈಟಿಗೆ 100 ವ್ಯಾಟ್ ಬಲ್ಬ್ ಹಾಕಿದೆ. ಹೋಲ್ಡರ್ ಕರಗಿತು, ಡಿಮ್-ಡಿಪ್ ಸ್ವಿಚ್ಚೂ ಬಿಸಿಯಾಗುತ್ತದೆ. — ಪಾವಗಡದ ಓದುಗರು

ಉತ್ತರ: ಕಂಪನಿ ಕೊಟ್ಟ 35 ವ್ಯಾಟ್ ಬಲ್ಬ್ ಎಳೆಯುತ್ತಿದ್ದದ್ದು 3 ಆಂಪಿಯರ್ ಒಳಗೇ. ಈಗಿನದು 8ಕ್ಕಿಂತ ಹೆಚ್ಚು. ಕರೆಂಟ್ ಮೂರು ಪಟ್ಟಿನ ಹತ್ತಿರ ಹೋದರೆ ಅದೇ ವೈರಿನಲ್ಲಿ ಶಾಖ ಎಂಟು ಪಟ್ಟಾಗುತ್ತದೆ. ದೊಡ್ಡ ಫ್ಯೂಸ್ ಹಾಕುವುದು ಮದ್ದಲ್ಲ, ಫ್ಯೂಸಿನ ಬದಲು ವೈರಿಂಗೇ ಉರಿಯುತ್ತದೆ. ಹಳೆ ಬಲ್ಬಿಗೇ ಮರಳಿ, ಕರಗಿದ ಹೋಲ್ಡರ್ ಬದಲಿಸಿ, ಮಬ್ಬಾದ ರಿಫ್ಲೆಕ್ಟರನ್ನೂ ನೋಡಿ. ಬೆಳಕು ಸಾಲದು ಎನಿಸಿದ್ದು ಅದರಿಂದಲೇ ಇರಬಹುದು.