ಕ್ಯಾಂಪಸ್ಸಿಗೆ ಅತಿಥಿಗಳನ್ನು ಕರೆಸುವ ವಿದ್ಯಾರ್ಥಿ ಬಳಗವನ್ನು ಎಲ್ಲಿಂದ ಆರಂಭಿಸಬೇಕು?

ಮಂಗಳೂರಿನಲ್ಲಿ ಎಂ.ಎ. ಓದುತ್ತಿರುವ ನೀವು ಕೆಲವು ಗೆಳೆಯರೊಂದಿಗೆ ಸೇರಿ, ಹೊರಗಿನ ವಿದ್ವಾಂಸರನ್ನೂ ಸಾಧಕರನ್ನೂ ಕ್ಯಾಂಪಸ್ಸಿಗೆ ಕರೆಸಿ ಮಾತನಾಡಿಸುವ ಬಳಗವೊಂದನ್ನು ವಿದ್ಯಾರ್ಥಿಗಳೇ ನಡೆಸಬೇಕೆಂದಿದ್ದೀರಿ. ಹಣ ಕಡಿಮೆಯಿದೆ, ಹೆಸರಾಂತರು ಒಪ್ಪುವರೋ ಇಲ್ಲವೋ ತಿಳಿಯದು, ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಇಂಥದೊಂದು ಬಳಗಕ್ಕೆ ಒಂದು ವರ್ಷ ಕಾರ್ಯದರ್ಶಿಯಾಗಿದ್ದೆ. ಆ ಅನುಭವದಿಂದ ಉತ್ತರಿಸುತ್ತಿದ್ದೇನೆ.

ಅತಿಥಿ ಯಾರೆಂದು ಯೋಚಿಸುವ ಮೊದಲು, ಬಂದವರಿಗೆ ನೀವು ಎಷ್ಟು ಹೊತ್ತು ಕೊಡುತ್ತೀರಿ ಎಂಬುದನ್ನು ತೀರ್ಮಾನಿಸಿರಿ.

ನಮ್ಮ ಎರಡನೆಯ ಕಾರ್ಯಕ್ರಮಕ್ಕೆ, ಪಶ್ಚಿಮ ಘಟ್ಟದ ಸಸ್ಯಗಳ ಅಧ್ಯಯನದಲ್ಲಿಯೇ ಜೀವಮಾನ ಕಳೆದ ಹಿರಿಯರೊಬ್ಬರು ಬಂದಿದ್ದರು. ಮಧ್ಯಾಹ್ನ 3 ಗಂಟೆಗೆ ಆರಂಭವಾದ ಸಭೆಯಲ್ಲಿ ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸುವುದು, ಪ್ರಾಸ್ತಾವಿಕ ನುಡಿ, ಅತಿಥಿ ಪರಿಚಯ, ಶಾಲು, ಸ್ಮರಣಿಕೆ, ವೇದಿಕೆಯಲ್ಲಿದ್ದ ನಾಲ್ವರ ಶುಭಾಶಂಸನೆ ಇವೆಲ್ಲ ಮುಗಿಯುವಾಗ ಗಂಟೆ 4 ದಾಟಿತ್ತು. ಪುತ್ತೂರು, ಕಾಸರಗೋಡು ಕಡೆಯಿಂದ ದಿನವೂ ಬಂದು ಹೋಗುವವರಿಗೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಮನೆ ಸೇರುವಾಗ ಕತ್ತಲಾಗುತ್ತದೆ. ಅವರು ಒಬ್ಬೊಬ್ಬರಾಗಿ ಎದ್ದು ಹೋದರು. ಅತಿಥಿಗಳು ನಮಗೆ ತೋರಿಸಲೆಂದೇ ತಂದಿದ್ದ ಒಣಗಿಸಿದ ಸಸ್ಯಗಳ ಹಾಳೆಗಳನ್ನು ಬಿಚ್ಚದೆ, ಇಪ್ಪತ್ತೇ ನಿಮಿಷದಲ್ಲಿ ಮಾತು ಮುಗಿಸಿದರು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಕಟ್ಟನ್ನು ಕಾರಿನವರೆಗೆ ಹೊತ್ತು ಹೋದವನು ನಾನು. ಅಂದಿನ ನೋವು ಇಂದಿಗೂ ಮಾಸಿಲ್ಲ.

ಮುಂದಿನ ಸಲದಿಂದ ಅತಿಥಿ ಪರಿಚಯವನ್ನು ಅಚ್ಚು ಹಾಕಿಸಿ ಎರಡು ದಿನ ಮೊದಲೇ ತರಗತಿಗಳಿಗೆ ಹಂಚಿದೆವು. ವೇದಿಕೆಯಲ್ಲಿ ಎರಡೇ ಕುರ್ಚಿಗಳಿದ್ದವು. ಸ್ವಾಗತ, ಧನ್ಯವಾದ ಸೇರಿ 5 ನಿಮಿಷ, ಉಪನ್ಯಾಸ 40 ನಿಮಿಷ, ಪ್ರಶ್ನೋತ್ತರ 40 ನಿಮಿಷ. ವಿಭಾಗದ ಮುಖ್ಯಸ್ಥರನ್ನು ವೇದಿಕೆಗೆ ಕರೆಯದಿದ್ದರೆ ಅಗೌರವವಾದೀತೆಂಬ ಅಳುಕು ನಮಗೆ ಇತ್ತು. ಆದರೆ ಸಂಚಾಲಕ ಅಧ್ಯಾಪಕರೊಂದಿಗೆ ಮೊದಲೇ ಹೋಗಿ ಕಾರಣವನ್ನು ವಿನಯದಿಂದ ವಿವರಿಸಿದಾಗ, ಮುಖ್ಯಸ್ಥರು ಮುಂದಿನ ಸಾಲಿನಲ್ಲಿ ಕುಳಿತು ಕೇಳಲು ಸಂತೋಷದಿಂದಲೇ ಒಪ್ಪಿದರು.

ಪ್ರಶ್ನೋತ್ತರಕ್ಕೂ ಸಿದ್ಧತೆ ಬೇಕು. ಯಕ್ಷಗಾನದ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ವೇಷವೂ ಕುಣಿತವೂ ಇಲ್ಲದ ಆ ಕೂಟದಲ್ಲಿ ಪಾತ್ರದ ಮಾತನ್ನಾಡುವ ಅರ್ಥಧಾರಿ ಪ್ರಸಂಗವನ್ನು ಓದಿಕೊಂಡು ಬಂದಿರಬೇಕು, ಎದುರಿನವರ ಮಾತನ್ನು ಪೂರ್ತಿ ಕೇಳಬೇಕು, ಆಮೇಲೆಯೇ ಆಶುವಾಗಿ ಉತ್ತರ ಹೇಳಬೇಕು. ನಮ್ಮಲ್ಲಿ ಐದು ಮಂದಿ ಅತಿಥಿಯ ಬರಹಗಳನ್ನು ಮುಂಚಿತವಾಗಿ ಓದಿ ಬರುತ್ತಿದ್ದರು. ಅವರ ಮೊದಲ ಎರಡು ಪ್ರಶ್ನೆಗಳಾದ ಮೇಲೆ ಉಳಿದವರ ಸಂಕೋಚವೂ ಬಿಡುತ್ತಿತ್ತು.

ಇನ್ನು ಯಾರನ್ನು ಕರೆಯಬೇಕೆಂಬ ವಿಚಾರ. ಮಳೆಗಾಲದಲ್ಲಿ ಬೆಂಗಳೂರಿನವರನ್ನು ಕರೆಯಬೇಡಿರಿ. 2018ರ ಆಗಸ್ಟ್ ತಿಂಗಳಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿಯ ರಸ್ತೆ, ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ರೈಲು ಮಾರ್ಗ ಎರಡೂ ಮುಚ್ಚಿದ್ದವು. ಆದರೆ ಹೊರಗಿನವರು ಬರಲಾಗದ ಅದೇ ದಿನಗಳಲ್ಲಿ ನಮ್ಮ ಊರಿನ ಕೆಲವರಿಗೆ ಬಿಡುವಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟು ನಡೆಸುವ ಮುಖ್ಯಸ್ಥರಾದ ತಾಂಡೇಲರು ಮನೆಯಲ್ಲಿಯೇ ಇರುತ್ತಾರೆ. ಜುಲೈಯಲ್ಲಿ ನಾವು ಅಂಥ ಹಿರಿಯರೊಬ್ಬರನ್ನು ಧಕ್ಕೆಯ (ಮೀನುಗಾರಿಕಾ ಬಂದರಿನ) ಬಳಿಯ ಅವರ ಮನೆಗೇ ಹೋಗಿ ಆಮಂತ್ರಿಸಿದೆವು. ಅವರು ತುಳುವಿನಲ್ಲಿ ಮಾತನಾಡಿದರು; ಬಯಲುಸೀಮೆಯಿಂದ ಬಂದಿದ್ದ ಗೆಳೆಯರಿಗಾಗಿ ಸಹಪಾಠಿಯೊಬ್ಬಳು ಕನ್ನಡದಲ್ಲಿ ತಿಳಿಸುತ್ತಾ ಹೋದಳು. ಉಪಕರಣಗಳಿಲ್ಲದ ಕಾಲದಲ್ಲಿ ನೀರಿನ ಬಣ್ಣ ನೋಡಿಯೇ ಬೂತಾಯಿ ಮೀನಿನ ಗುಂಪನ್ನು ಗುರುತಿಸುತ್ತಿದ್ದುದನ್ನು ಅವರು ವರ್ಣಿಸಿದಾಗ ಸಭೆ ನಿಶ್ಶಬ್ದವಾಗಿತ್ತು. ಸಣ್ಣ ಕಣ್ಣಿನ ಬಲೆಗಳಿಂದ ಮರಿಮೀನು ನಾಶವಾಗುವುದಿಲ್ಲವೇ ಎಂದು ವಿಜ್ಞಾನದ ವಿದ್ಯಾರ್ಥಿಯೊಬ್ಬ ಕೇಳಿದ್ದಕ್ಕೆ ಅವರು ತಪ್ಪಿಸಿಕೊಳ್ಳದೆ, ಸಾಲದ ಕಂತಿನಿಂದ ಹಿಡಿದು ಡೀಸೆಲ್ ಬೆಲೆಯವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಆ ವರ್ಷ ನಾವು ನಡೆಸಿದ ಕಾರ್ಯಕ್ರಮಗಳಲ್ಲಿ ಅತ್ಯುತ್ತಮವಾದುದು ಅದೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಹಣದ ಬಗ್ಗೆ ಇಷ್ಟೇ: ಪ್ರಯಾಣ ವೆಚ್ಚ, ವಸತಿ, ಗೌರವಧನ ಎಷ್ಟೆಂದು ಮೊದಲ ಪತ್ರದಲ್ಲಿಯೇ ಬರೆಯಿರಿ, ಕೊಡಲಾಗದಿದ್ದರೆ ಅದನ್ನೂ ಬರೆಯಿರಿ. ಶಾಸ್ತ್ರೀಯ ಕಲಾವಿದರನ್ನು ಕರೆಸುವ ಆಸೆಯಿದ್ದರೆ, ಕಿರಣ್ ಸೇಠ್ ಅವರು 1977ರಲ್ಲಿ ಆರಂಭಿಸಿದ ಸ್ಪಿಕ್ ಮೆಕೆ ಸಂಸ್ಥೆಯನ್ನು ಸಂಪರ್ಕಿಸಬಹುದು. ಅಲ್ಲಿಯೂ ವಿದ್ಯಾರ್ಥಿ ಸ್ವಯಂಸೇವಕರೇ ದುಡಿಯುತ್ತಾರೆ.

ಇಂಥ ಬಳಗಗಳು ಹೆಚ್ಚು ಕಾಲ ಉಳಿಯದಿರುವುದಕ್ಕೆ ಕಾರಣ ಹಣವಲ್ಲ. ಸ್ನಾತಕೋತ್ತರ ಓದು ಎರಡೇ ವರ್ಷ. ಕೆಲಸ ಕಲಿತವರು ಅಷ್ಟರಲ್ಲಿ ಹೊರಟುಹೋಗುತ್ತಾರೆ. 1823ರಲ್ಲಿ ಸ್ಥಾಪನೆಯಾದ, ಇಂಗ್ಲೆಂಡಿನ ಪ್ರಸಿದ್ಧ ಚರ್ಚಾಕೂಟವಾದ ಆಕ್ಸ್‌ಫರ್ಡ್ ಯೂನಿಯನ್ನಿನಲ್ಲಿ ವಿದ್ಯಾರ್ಥಿ ಅಧ್ಯಕ್ಷರು ಪ್ರತಿ ಅವಧಿಗೂ ಬದಲಾಗುತ್ತಾರೆ, ಆದರೆ ಅದಕ್ಕೆ ಸ್ವಂತ ಕಟ್ಟಡವೂ ಗ್ರಂಥಾಲಯವೂ ಇವೆ. ನಮಗಿದ್ದುದು ದಪ್ಪ ರಟ್ಟಿನ ಒಂದು ಪುಸ್ತಕ. ಯಾರಿಗೆ ಯಾವಾಗ ಪತ್ರ ಬರೆದೆವು, ಏನು ಉತ್ತರ ಬಂತು, ಎಷ್ಟು ಖರ್ಚಾಯಿತು, ಅತಿಥಿಗಳ ಊಟದ ಪಥ್ಯವೇನು ಎಂಬುದನ್ನೆಲ್ಲ ಅದರಲ್ಲಿ ಬರೆದಿಟ್ಟು ಕಿರಿಯರಿಗೆ ಒಪ್ಪಿಸಿದೆವು. ಅದರ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದ ಸೂಚನೆಯನ್ನು ನಿಮಗೂ ತಿಳಿಸುತ್ತೇನೆ: ಅತಿಥಿಗಳ ರೈಲು ನಿಲ್ಲುವುದು ಮಂಗಳೂರು ಸೆಂಟ್ರಲ್‌ನಲ್ಲಿಯೋ ಜಂಕ್ಷನ್‌ನಲ್ಲಿಯೋ ಎಂದು ಟಿಕೆಟ್ ನೋಡಿ ಖಚಿತಪಡಿಸಿಕೊಂಡ ನಂತರವೇ ಕರೆತರಲು ಹೊರಡಿರಿ.