‘ಹಳೇ ಕಳ್ಳ’ ಅಂದರೆ ಯಾರು?

ನಮಸ್ಕಾರ.

‘ಪದೇ ಪದೇ ತಪ್ಪು ಮಾಡುವವರಿಗೆ ಜಾಮೀನು ಯಾಕೆ?’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ.

ಮೊದಲ ಪ್ಯಾರಾ ನನಗೆ ತುಂಬ ಹಿಡಿಸಿತು. ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದ ನಿಮ್ಮ ಬೀದಿಯ ಅಜ್ಜಿಯ ಸರವನ್ನು ಬೈಕಿನಲ್ಲಿ ಬಂದವನು ಕಿತ್ತುಕೊಂಡು ಹೋದ. ಮಾರನೇ ದಿನದಿಂದ ಅವರು ಹೊಸ್ತಿಲ ಒಳಗೇ ರಂಗೋಲಿ ಹಾಕತೊಡಗಿದರು. ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಬೇಸರವೆಂದರೆ, ಎರಡನೇ ಪ್ಯಾರಾದಿಂದ ಅಜ್ಜಿ ಕಾಣೆಯಾಗುತ್ತಾರೆ. ಆಮೇಲೆ ಬರೀ ಸಿಟ್ಟೇ ಇದೆ.

ನಿಮ್ಮ ದೊಡ್ಡ ತೊಡಕು ‘ಹಳೇ ಕಳ್ಳ’ ಎಂಬ ಮಾತು. ಲೇಖನದಲ್ಲಿ ಅದು ಹನ್ನೊಂದು ಸಲ ಬಂದಿದೆ. ಒಂದು ಕಡೆ ಅದು ಶಿಕ್ಷೆಯಾದವನು, ಇನ್ನೊಂದು ಕಡೆ ಕೇಸು ಇನ್ನೂ ನಡೆಯುತ್ತಿರುವವನು, ಮತ್ತೊಂದು ಕಡೆ ರೌಡಿ ಶೀಟರ್. ಈ ಮೂವರೂ ಬೇರೆ ಬೇರೆ. ರೌಡಿ ಶೀಟ್ ತೆರೆಯುವುದು ಪೊಲೀಸರು. ಅದಕ್ಕೆ ಕೋರ್ಟಿನ ತೀರ್ಪು ಬೇಕಿಲ್ಲ. ಶಿಕ್ಷೆ ಕೊಡುವುದು ಕೋರ್ಟು ಮಾತ್ರ.

‘ಇಂಥವರನ್ನು ತಡೆಯಲು ಕಾನೂನೇ ಇಲ್ಲ’ ಅಂತ ಬರೆದಿದ್ದೀರಿ. ಇದೆ. ಬಂಧನ, ಜಾಮೀನು, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಂ ಓದಿ. ಹಿಂದೆ ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲು ಕೊಡಬಹುದಾದ ಅಪರಾಧದಲ್ಲಿ ಶಿಕ್ಷೆ ಆಗಿದ್ದವನು ಈಗ ಜಾಮೀನು ರಹಿತ (ಅಂದರೆ ಜಾಮೀನು ಹಕ್ಕಾಗಿ ಸಿಗದ), ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಕೇಸಿನಲ್ಲಿ ಸಿಕ್ಕಿಬಿದ್ದರೆ, ಮ್ಯಾಜಿಸ್ಟ್ರೇಟರು ಸಾಮಾನ್ಯವಾಗಿ ಅವನನ್ನು ಬಿಡುವಂತಿಲ್ಲ. ಮೂರರಿಂದ ಏಳು ವರ್ಷದೊಳಗಿನ ಅಪರಾಧಗಳಲ್ಲಿ ಎರಡು ಸಲ ಶಿಕ್ಷೆ ಆಗಿದ್ದರೂ ಅಷ್ಟೇ. ಮಕ್ಕಳು, ಹೆಂಗಸರು, ಕಾಯಿಲೆಯವರು, ಅಶಕ್ತರಿಗೆ ವಿನಾಯಿತಿ ಉಂಟು. ವಿಶೇಷ ಕಾರಣವಿದ್ದರೆ ಬೇರೆಯವರನ್ನೂ ಬಿಡಬಹುದು. ಸೆಷನ್ಸ್ ಕೋರ್ಟಿಗೂ ಹೈಕೋರ್ಟಿಗೂ ಇದಕ್ಕಿಂತ ಹೆಚ್ಚಿನ ಅಧಿಕಾರವಿದೆ. ಗಮನಿಸಿ, ಇಲ್ಲಿ ಅಳತೆಗೋಲು ಹಿಂದೆ ಆದ ಶಿಕ್ಷೆ. ಹಿಂದಿನ ಎಫ್‌ಐಆರ್ ಅಲ್ಲ.

ನಿಮ್ಮ ಬೀದಿಯ ಆರೋಪಿಯ ಮೇಲೆ ನಾಲ್ಕು ಕೇಸು ಇವೆ ಅಂತೀರಿ. ಒಂದರಲ್ಲಾದರೂ ಶಿಕ್ಷೆ ಆಗಿದೆಯಾ? ಅದನ್ನು ಎಲ್ಲೂ ಹೇಳಿಲ್ಲ. ಬಹುಶಃ ಕೇಳಿಯೂ ಇಲ್ಲ, ಅಲ್ವಾ?

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ವರದಿಗಾರಿಕೆ ಶುರು ಮಾಡಿದ ಹೊಸದರಲ್ಲಿ ಒಬ್ಬ ಹುಡುಗನ ಬಗ್ಗೆ ‘ಹಲವು ಪ್ರಕರಣಗಳ ಅಪರಾಧಿ’ ಅಂತ ಬರೆದಿದ್ದೆ. ಆರೋಪಿ ಅಂತ ಬರೆಯಬೇಕಿತ್ತು. ಮುಂದೆ ಎಲ್ಲ ಕೇಸುಗಳಲ್ಲೂ ಅವನ ಬಿಡುಗಡೆ ಆಯಿತು. ಆ ಪೇಪರ್ ತುಂಡನ್ನು ಮಡಿಚಿಟ್ಟುಕೊಂಡು ಅವನ ತಾಯಿ ಕಚೇರಿಗೆ ಬಂದರು. ‘ಇದನ್ನು ಈಗ ಹೇಗೆ ಅಳಿಸ್ತೀರಿ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಈಗ ನೀವು ಮುಟ್ಟದೇ ಬಿಟ್ಟ ಜಾಗ. ನನ್ನ ಪ್ರಕಾರ ಲೇಖನದ ಜೀವ ಇರಬೇಕಾದದ್ದು ಅಲ್ಲೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಇದೇ ಸಂಹಿತೆಯ 479ನೇ ಕಲಂ ವಿಚಾರಣಾಧೀನ ಕೈದಿಗಳದ್ದು, ಅಂದರೆ ತೀರ್ಪು ಬರುವ ಮೊದಲೇ ಜೈಲಿನಲ್ಲಿರುವವರದ್ದು. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಜೈಲಿನಲ್ಲೇ ಕಳೆದವರನ್ನು ಸಾಮಾನ್ಯವಾಗಿ ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಯಾವ ಶಿಕ್ಷೆಯೂ ಆಗದವರಿಗೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಇಲ್ಲಿಯವರೆಗೆ ಸರಿ. ಆದರೆ ಒಂದಕ್ಕಿಂತ ಹೆಚ್ಚು ಅಪರಾಧ ಅಥವಾ ಹಲವು ಕೇಸು ಬಾಕಿ ಇದ್ದರೆ ಈ ಬಿಡುಗಡೆ ಇಲ್ಲ ಅನ್ನುತ್ತದೆ ಎರಡನೇ ಉಪಕಲಂ. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 436ಎ ಕಲಂನಲ್ಲಿ ಈ ತಡೆ ಇರಲಿಲ್ಲ. ಇಲ್ಲಿ ಶಿಕ್ಷೆ ಆಗಿರಬೇಕಿಲ್ಲ, ಕೇಸು ಬಾಕಿ ಇದ್ದರೆ ಸಾಕು. ಒಂದೇ ಎಫ್‌ಐಆರ್‌ನಲ್ಲಿ ಎರಡು ಮೂರು ಕಲಂ ಹಾಕುವುದು ನಮ್ಮಲ್ಲಿ ಮಾಮೂಲಿ. ಆ ಲೆಕ್ಕದಲ್ಲಿ ಮೊದಲ ಸಲ ಸಿಕ್ಕವನೂ ಒಳಗೇ ಉಳಿಯಬಹುದು. ನೀವು ಕೇಳುತ್ತಿರುವ ಬಿಗಿ ಅರ್ಧ ಬಂದಾಗಿದೆ. ಅದರ ಬೆಲೆಯನ್ನು ಯಾರು ತೆರುತ್ತಾರೆ ಅಂತ ಬರೆಯಿರಿ.

‘ಜಾಮೀನೇ ನಿಯಮ, ಜೈಲು ಅಪವಾದ’ ಎಂಬ ಮಾತನ್ನು ನೀವು ಕಟುವಾಗಿ ಟೀಕಿಸಿದ್ದೀರಿ. ಅದರ ಮೂಲವಾದ, ಬಾಲ್‌ಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1977ರ ತೀರ್ಪನ್ನು ಓದಿ. ತಪ್ಪಿಸಿಕೊಂಡು ಓಡುವವರು, ಸಾಕ್ಷಿಗಳನ್ನು ಹೆದರಿಸುವವರು, ಮತ್ತೆ ಅಪರಾಧ ಮಾಡುವವರು ಈ ನಿಯಮಕ್ಕೆ ಹೊರತು ಅಂತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅಲ್ಲೇ ಹೇಳಿದ್ದಾರೆ. ಅಂದರೆ ನಿಮ್ಮ ವಾದಕ್ಕೆ ಆಧಾರವಾಗುವ ಮಾತನ್ನೇ ನೀವು ಬೈದಿದ್ದೀರಿ.

ಸುಪ್ರೀಂ ಕೋರ್ಟಿನ ತೀರ್ಪುಗಳೂ ಒಂದೇ ಕಡೆಗೆ ವಾಲುವುದಿಲ್ಲ. 2014ರ ನೀರು ಯಾದವ್ ಪ್ರಕರಣದಲ್ಲಿ ಆರೋಪಿಯ ಅಪರಾಧ ಹಿನ್ನೆಲೆಯನ್ನು ಹೈಕೋರ್ಟ್ ಕಡೆಗಣಿಸಿದೆ ಅಂತ ಜಾಮೀನು ರದ್ದಾಯಿತು. 2020ರ ಪ್ರಭಾಕರ್ ತಿವಾರಿ ಪ್ರಕರಣದಲ್ಲಿ, ಬೇರೆ ಕೇಸುಗಳು ಬಾಕಿ ಇವೆ ಅನ್ನುವುದೊಂದೇ ಜಾಮೀನು ನಿರಾಕರಿಸಲು ಕಾರಣವಾಗದು ಎಂದಿತು. ಎರಡನ್ನೂ ಅಕ್ಕಪಕ್ಕ ಇಡಿ. ಜಾಮೀನನ್ನು ಇನ್ನೂ ಬಿಗಿ ಮಾಡುವ ಮಾದಕ ವಸ್ತು ಕಾಯ್ದೆಯ 37ನೇ ಕಲಂಗೆ ಒಂದು ಸಾಲು ಸಾಕು, ಅದು ಬೇರೆಯದೇ ಲೇಖನ.

ಕೊನೆಯ ಎರಡು ಪುಟ ತೆಗೆದುಬಿಡಿ. ‘ಸಮಾಜ ಎಚ್ಚೆತ್ತುಕೊಳ್ಳಬೇಕು’ ಅನ್ನುವಂಥ ಸಾಲುಗಳು ಅಜ್ಜಿಗೂ ಬೇಡ, ಓದುಗರಿಗೂ ಬೇಡ.

ಬದಲಿಗೆ ಇನ್ನೊಮ್ಮೆ ಅಜ್ಜಿಯ ಮನೆಗೆ ಹೋಗಿ. ಜಾಮೀನು ಅರ್ಜಿ ವಿಚಾರಣೆಗೆ ಬಂದ ದಿನ ಅವರಿಗೆ ಯಾರಾದರೂ ತಿಳಿಸಿದ್ದರಾ ಅಂತ ಕೇಳಿ. ನೊಂದವರ ಮಾತನ್ನು ಜಾಮೀನಿನ ಹಂತದಲ್ಲೂ ಕೇಳಬೇಕು ಅಂತ ಪ್ರತಿಭಟಿಸುತ್ತಿದ್ದ ರೈತರ ಮೇಲೆ ವಾಹನ ಹರಿದ ಲಖೀಂಪುರ ಖೇರಿ ಪ್ರಕರಣದಲ್ಲಿ 2022ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆರೋಪಿಯ ನಾಲ್ಕು ಕೇಸು ಯಾವ ಹಂತದಲ್ಲಿವೆ ಅಂತ ಕೋರ್ಟಿನಲ್ಲಿ ವಿಚಾರಿಸಿ. ಅಜ್ಜಿ ಏನು ಹೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆಯಿರಿ. ಒಂಬೈನೂರು ಪದ ಸಾಕು. ನನ್ನ ಹೆಸರಿಗೇ ಕಳಿಸಿ, ಬಂದ ದಿನವೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ